ಎನ್‌95 ಮಾಸ್ಕನ್ನು ಒಗೆಯಬೇಡಿ (ಕೋವಿಡ್ ಕಾಲದಲ್ಲಿ ಬರೆದ ಪತ್ರ)

ಮಾನ್ಯ ಸಂಪಾದಕರೇ,

ಸೋಂಕು ತಗಲದಂತೆ ನಾವು ತೊಡುವ ಮಾಸ್ಕು, ಗೌನುಗಳ ಪಿಪಿಇ ಕಿಟ್ ಸಾಲುತ್ತಿಲ್ಲ ಎಂಬ ಸುದ್ದಿ ದಿನವೂ ಬರುತ್ತಿದೆ. ಇದ್ದ ಮಾಸ್ಕುಗಳನ್ನು ನಾವೇ ಹಾಳು ಮಾಡಿಕೊಳ್ಳುತ್ತಿರುವ ಬಗ್ಗೆ ಯಾರೂ ಬರೆದದ್ದು ಕಾಣಲಿಲ್ಲ. ನಾನು ಸ್ಟಾಫ್ ನರ್ಸ್, ಕೋವಿಡ್ ವಾರ್ಡಿನಲ್ಲಿದ್ದೇನೆ.

ಕಳೆದ ತಿಂಗಳು ನಮ್ಮ ವಾರ್ಡಿನ ಆಯಾ, ಪಾಪ, ನಮಗೆ ಅನುಕೂಲವಾಗಲೆಂದು ನಾಲ್ಕು ಎನ್‌95 ಮಾಸ್ಕುಗಳನ್ನು ಸೋಪಿನ ಪುಡಿಯಲ್ಲಿ ನೆನೆಸಿ, ತಿಕ್ಕಿ, ತಾರಸಿಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ್ದರು. ‘ನೋಡ್ರಿ ಸಿಸ್ಟರ್, ಹೊಸಾವು ಇದ್ದಂಗ ಕಾಣ್ತಾವ’ ಅಂದರು. ಬೈಯಲು ಬಾಯಿ ಬರಲಿಲ್ಲ. ಸ್ಪಿರಿಟ್ ಹೊಡೆದು ಹಾಕಿಕೊಳ್ಳಿ ಎಂದು ಮೇಲಿನವರೇ ಹೇಳಿದ್ದರಲ್ಲ! ಒಮ್ಮೆ ಬಿಸಿ ಹಬೆಯಲ್ಲಿ ಸೋಂಕು ಕಳೆಯುವ ಆಟೋಕ್ಲೇವ್ ಯಂತ್ರಕ್ಕೂ ಹಾಕಿಸಿದರು. ಬಟ್ಟಲಿನಂತಿದ್ದ ಮಾಸ್ಕು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಬಂತು.

ಎನ್‌95 ಬರೀ ಜರಡಿಯಲ್ಲ. ಅದರ ನಡುವಿನ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳ ಪದರಕ್ಕೆ ಸ್ಥಿರವಿದ್ಯುತ್ತಿನ ಚಾರ್ಜ್ ಕೊಟ್ಟಿರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಹಾಗೆ ಅದು ಸಣ್ಣ ಕಣಗಳನ್ನು ಹಿಡಿಯುತ್ತದೆ. ಸ್ಪಿರಿಟ್, ಸ್ಯಾನಿಟೈಸರ್, ಸೋಪು ತಾಗಿದರೆ ಆ ಚಾರ್ಜ್ ಇಳಿದುಹೋಗುತ್ತದೆ. ಮಾಸ್ಕು ನೋಡಲು ಮೊದಲಿನಂತೆಯೇ ಇರುತ್ತದೆ, ತೊಟ್ಟವರಿಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಮಾಸ್ಕು ಶುದ್ಧಗೊಳಿಸುವ ವ್ಯವಸ್ಥೆಗೆ 2020ರ ಮಾರ್ಚ್‌ನಲ್ಲೇ ಅನುಮತಿ ಸಿಕ್ಕಿತ್ತು. ಅದು ನಮ್ಮ ತಾಲ್ಲೂಕಿಗೆ ಬರುವ ಮಾತಲ್ಲ, ಬಿಡಿ. ಆದರೆ ಈ ಪದರಕ್ಕೆ ಚಾರ್ಜ್ ಕೊಡುವ ವಿಧಾನ ರೂಪಿಸಿದ ವಿಜ್ಞಾನಿ ಪೀಟರ್ ತ್ಸಾಯ್, ನಿವೃತ್ತರಾಗಿದ್ದವರು ಮತ್ತೆ ಪ್ರಯೋಗಕ್ಕೆ ಕೂತು ಹೇಳಿದ ಸುಲಭದ ದಾರಿ ಸರದಿ. ಐದು ಮಾಸ್ಕು, ಒಂದೊಂದಕ್ಕೂ ನಂಬರು, ದಿನಕ್ಕೊಂದು. ಡ್ಯೂಟಿ ಮುಗಿದ ಮೇಲೆ ಖಾಕಿ ಕವರಿಗೆ. ಪ್ಲಾಸ್ಟಿಕ್ ಕವರು ಬೇಡ, ಬೆವರು ಆರುವುದಿಲ್ಲ. ಮತ್ತೆ ಅದರ ಪಾಳಿ ಬರುವಷ್ಟರಲ್ಲಿ ಮೇಲೆ ಕೂತ ವೈರಸ್ ಬಹುಪಾಲು ತಾನೇ ಸಾಯುತ್ತದೆ. ರಕ್ತ ಸಿಡಿದಿದ್ದರೆ, ಎಲಾಸ್ಟಿಕ್ ಸಡಿಲವಾಗಿ ಕನ್ನಡಕಕ್ಕೆ ಮಂಜು ಕಟ್ಟತೊಡಗಿದರೆ ಸೀದಾ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ. ಗಾಗಲ್ ಬೇರೆ ಮಾತು, ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣದಲ್ಲಿ ಅದ್ದಿ ತೊಳೆದು ಹಾಕಿಕೊಳ್ಳಬಹುದು.

ಖಾಕಿ ಕವರು ಕೇಳಿದರೆ ಆಫೀಸಿನಲ್ಲಿ ‘ಇಂಡೆಂಟ್ ಹಾಕಿ’, ಅಂದರೆ ಬೇಡಿಕೆ ಪತ್ರ ಬರೆದು ಕೊಡಿ, ಅಂದರು. ಸರ್ಕಾರಿ ಕಚೇರಿಯಲ್ಲಿ ಖಾಕಿ ಕವರಿಗೆ ಬರವೇ! ಕೊನೆಗೆ ಬಜಾರಿನಲ್ಲಿ ನನ್ನ ದುಡ್ಡಿನಿಂದಲೇ ಒಂದು ಕಟ್ಟು ತಂದೆ.

ನಮಗೆ ತಿಂಗಳಿಗೆ ಸಿಗುತ್ತಿರುವುದು ತಲಾ ಎರಡು ಮಾಸ್ಕು. ಎರಡರಲ್ಲಿ ಸರದಿ ನಡೆಯುವುದಿಲ್ಲ. ಆರೋಗ್ಯ ಇಲಾಖೆಯವರು ಐದಾಗದಿದ್ದರೆ ನಾಲ್ಕಾದರೂ ಕೊಡಲಿ. ಒಗೆಯಬಾರದೆಂಬ ಸೂಚನೆಯನ್ನು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿ ಆಯಾಗಳು ಬಟ್ಟೆ ಒಗೆಯುವ ಜಾಗದಲ್ಲೂ ಅಂಟಿಸಲಿ.

– ಒಬ್ಬ ಸ್ಟಾಫ್ ನರ್ಸ್, ಹಾವೇರಿ ಜಿಲ್ಲೆ