ಪೆಲ್ ಗ್ರಾಂಟ್ ಬಗ್ಗೆ ಪುಟ್ಟಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಭಾನುವಾರ ನಿಮ್ಮಮ್ಮ ಫೋನ್ ಮಾಡಿದ್ದಳು. ‘ಭಾವ, ಪೆಲ್ ಗ್ರಾಂಟ್ ಸಿಕ್ಕಿದರೆ ಕಾಲೇಜು ಪೂರ್ತಿ ಫ್ರೀಯಂತೆ, ಪುಟ್ಟಿ ಎಲ್ಲಿಗೆ ಬೇಕಾದರೂ ಸೇರಬಹುದಂತೆ’ ಅಂದಳು. ಹಿಂದಿನಿಂದ ನಿಮ್ಮಪ್ಪ ‘ನಾವಿನ್ನೂ ಸಿಟಿಜನ್ ಆಗಿಲ್ಲ, ನಮಗೆಲ್ಲಿ ಸಿಗುತ್ತೆ ಬಿಡು’ ಅಂತ ಕೂಗಿದ. ಇಬ್ಬರು ಹೇಳಿದ್ದೂ ತಪ್ಪು. ಪೆಲ್ ಗ್ರಾಂಟ್ ಅಂದರೆ ಕಡಿಮೆ ಆದಾಯದ ಮನೆಯ ಮಕ್ಕಳ ಕಾಲೇಜಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ನೆರವು. ಫೋನಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಕಮ್ಯೂನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ಏಡ್ ಆಫೀಸಿನಲ್ಲಿ, ಅಂದರೆ ವಿದ್ಯಾರ್ಥಿಗಳ ಹಣದ ನೆರವು ನೋಡಿಕೊಳ್ಳುವ ಕಚೇರಿಯಲ್ಲಿ ಕೂತು ಇಂಥ ಅರ್ಜಿಗಳನ್ನೇ ನೋಡಿದವನು ನಾನು. ಮನೆ ಮಗುವಿಗೆ ಹೇಳದೆ ಇನ್ಯಾರಿಗೆ ಹೇಳಲಿ?

ಮೊದಲು ನಿಮ್ಮಪ್ಪನ ಮಾತು ತೆಗೆದುಕೊಳ್ಳೋಣ. ಪೆಲ್ ಗ್ರಾಂಟಿಗೆ ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು, ಅಪ್ಪ ಅಮ್ಮಂದಿರದ್ದನ್ನಲ್ಲ. ನೀನು ಇಲ್ಲೇ ಹುಟ್ಟಿದವಳು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಗ್ರೀನ್ ಕಾರ್ಡ್ ಇರುವ ಮಕ್ಕಳಿಗೂ ಕೊಡುತ್ತಾರೆ. ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಎಚ್-4 ಮೇಲೆ ಬಂದ ಮಕ್ಕಳಿಗೆ, ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಓದುವವರಿಗೆ ಇಲ್ಲ. ಚಿಕ್ಕವರಿದ್ದಾಗಲೇ ಬಂದು ಇಲ್ಲೇ ಶಾಲೆ ಮುಗಿಸಿದ್ದರೂ ಇಲ್ಲ. ಅಂಥ ಮಕ್ಕಳು ಕೌಂಟರಿನ ಮುಂದೆ ನಿಂತಾಗ ‘ಆಗಲ್ಲ’ ಅನ್ನುವುದು ನನಗೆ ಯಾವತ್ತೂ ಸುಲಭ ಇರಲಿಲ್ಲ. ಅಪ್ಪ ಅಮ್ಮನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಸಿಟಿಜನ್ ಮಗು ಅರ್ಜಿ ಹಾಕಬಹುದು. ಅವರು ಅರ್ಜಿಯ ಸೈಟಿನಲ್ಲಿ ತಮ್ಮ ಪಾಲಿನ ಅಕೌಂಟ್ ಮಾಡಿಕೊಂಡು, ಒಪ್ಪಿಗೆ ಕೊಟ್ಟು, ತಮ್ಮ ಆದಾಯದ ಲೆಕ್ಕ ತುಂಬಬೇಕು, ಅಷ್ಟೇ.

ಅರ್ಜಿಯ ಹೆಸರು ಫಾಫ್ಸಾ. ಸ್ಟೂಡೆಂಟ್‌ಏಡ್ ಡಾಟ್ ಗವ್ ಸೈಟಿನಲ್ಲಿ ತುಂಬಬೇಕು, ಅದಕ್ಕೆ ಒಂದು ಪೈಸೆ ಫೀಸ್ ಇಲ್ಲ. ‘ತುಂಬಿ ಕೊಡ್ತೀವಿ’ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡ. ಮಾಮೂಲಿಯಾಗಿ ಅಕ್ಟೋಬರ್ 1ರ ಹೊತ್ತಿಗೆ ಅರ್ಜಿ ತೆರೆಯುತ್ತದೆ. ಕೇಂದ್ರದ ಕೊನೆ ದಿನ ಆ ಶೈಕ್ಷಣಿಕ ವರ್ಷ ಮುಗಿಯುವ ಜೂನ್ 30. ಅಷ್ಟು ಟೈಮ್ ಇದೆಯಲ್ಲ ಅಂತ ಕೂರಬೇಡ. ರಾಜ್ಯದ್ದು, ಕಾಲೇಜಿನದ್ದು ಗಡುವು ಅದಕ್ಕಿಂತ ಎಷ್ಟೋ ಮುಂಚೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ ಮೊದಲ ವಾರಕ್ಕೇ ಮುಗಿದುಹೋಗುತ್ತದೆ.

‘ನನಗೆ 18 ಆಯಿತು, ಬೇರೆ ರೂಮು ಮಾಡ್ತೀನಿ, ನನ್ನ ಆದಾಯ ಮಾತ್ರ ತೋರಿಸ್ತೀನಿ’ ಅಂತ ನಿನ್ನ ಗೆಳತಿಯರು ಯಾರಾದರೂ ಐಡಿಯಾ ಕೊಟ್ಟಾರು. ನಡೆಯೋದಿಲ್ಲ. 24 ತುಂಬದ, ಮದುವೆಯಾಗದ, ಮಕ್ಕಳಿಲ್ಲದ, ಸೈನ್ಯಕ್ಕೆ ಸೇರದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಅಪ್ಪ ಅಮ್ಮನ ಲೆಕ್ಕವೇ ಬೇಕು. ಅನಾಥರು, ಫಾಸ್ಟರ್ ಕೇರ್‌ನಲ್ಲಿ (ಸರ್ಕಾರ ಒಪ್ಪಿಸಿದ ಬೇರೆ ಮನೆಯಲ್ಲಿ) ಬೆಳೆದವರು, ಇಂಥ ಕೆಲವರಿಗೆ ವಿನಾಯಿತಿ ಇದೆ. ಬೇರೆ ಮನೆ ಮಾಡಿದೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಟ್ಯಾಕ್ಸ್ ಫಾರ್ಮಿನಲ್ಲಿ ಅಪ್ಪ ನಿನ್ನನ್ನು ಅವಲಂಬಿತಳು ಅಂತ ತೋರಿಸದಿದ್ದರೂ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಫಾಫ್ಸಾ ತುಂಬಿದ ಮೇಲೆ ಎಸ್‌ಎಐ (ಸ್ಟೂಡೆಂಟ್ ಏಡ್ ಇಂಡೆಕ್ಸ್) ಅಂತ ಒಂದು ನಂಬರ್ ಬರುತ್ತದೆ. ನಿಮ್ಮ ಮನೆ ಎಷ್ಟು ಹೊರಬಹುದು ಅಂತ ಸರ್ಕಾರ ಹಾಕಿದ ಅಂದಾಜು ಅದು. 2025–26ಕ್ಕೆ ಪೂರ್ತಿ ಪೆಲ್ ಅಂದರೆ ವರ್ಷಕ್ಕೆ 7,395 ಡಾಲರ್. 2023–24ರಿಂದ ಅಲ್ಲೇ ನಿಂತಿದೆ. ಅದರಲ್ಲಿ ನಿನ್ನ ಎಸ್‌ಎಐ ಕಳೆದರೆ ಉಳಿಯುವುದು ನಿನಗೆ. ಎಸ್‌ಎಐ 3,000 ಬಂದರೆ ಪೆಲ್ 4,395. ಕಡಿಮೆ ಆದಾಯದವರಿಗೆ ಇನ್ನೊಂದು ದಾರಿಯಿದೆ. ಸರ್ಕಾರದ ಬಡತನ ರೇಖೆಯ ಶೇ. 175ರ ಒಳಗೆ ಮನೆಯ ಆದಾಯ ಇದ್ದರೆ ಪೂರ್ತಿ ಪೆಲ್ ಸಿಗುತ್ತದೆ. ಅಪ್ಪ ಅಥವಾ ಅಮ್ಮ ಒಬ್ಬರೇ ಸಾಕುತ್ತಿದ್ದರೆ ಶೇ. 225. 2024ರಲ್ಲಿ ನಾಲ್ಕು ಜನರ ಮನೆಗೆ ಆ ರೇಖೆ 31,200 ಡಾಲರ್ ಇತ್ತು. ಅಂದರೆ ನಿಮ್ಮಂಥ ಮನೆಗೆ 54,600.

ನಿಮ್ಮ ಮನೆಯ ತೊಡಕು ಇರುವುದೇ ಇಲ್ಲಿ. ಫಾಫ್ಸಾ ಎರಡು ವರ್ಷ ಹಿಂದಿನ ಟ್ಯಾಕ್ಸ್ ನೋಡುತ್ತದೆ. 2026–27ರ ಅರ್ಜಿಗೆ 2024ರ ಲೆಕ್ಕ. ಆಗ ನಿಮ್ಮಪ್ಪನಿಗೆ ಹಳೇ ಕೆಲಸ, ಹಳೇ ಸಂಬಳ. ಆಮೇಲೆ ಕೆಲಸ ಹೋಗಿದ್ದು, ಈಗ ಹೆಚ್ಚುಕಮ್ಮಿ ಅರ್ಧ ಸಂಬಳಕ್ಕೆ ದುಡಿಯುತ್ತಿರುವುದು ಆ ಕಾಗದಕ್ಕೆ ಗೊತ್ತಿಲ್ಲ. ನಂಬರ್ ಜಾಸ್ತಿ ಬಂದು ‘ಪೆಲ್ ಇಲ್ಲ’ ಅಂತ ತೋರಿಸಿದರೆ ಅಲ್ಲಿಗೇ ಕೈ ಚೆಲ್ಲಬೇಡ. ಫಾರ್ಮಿನಲ್ಲಿ ಅಂಕಿ ತಿದ್ದಲೂ ಬೇಡ, ಅದು ದೊಡ್ಡ ತಪ್ಪಾಗುತ್ತದೆ. 2024ರದ್ದು ಇದ್ದ ಹಾಗೇ ಹೋಗಲಿ. ಆಮೇಲೆ ಕಾಲೇಜಿನ ಏಡ್ ಆಫೀಸಿಗೆ ‘ನಮ್ಮ ಪರಿಸ್ಥಿತಿ ಬದಲಾಗಿದೆ, ಮತ್ತೆ ಲೆಕ್ಕ ಹಾಕಿ’ ಅಂತ ಬರೆದು ಕೊಡು. ಕೆಲಸದಿಂದ ತೆಗೆದ ಪತ್ರ, ಈಗಿನ ಪೇ ಸ್ಲಿಪ್, ನಿರುದ್ಯೋಗ ಭತ್ಯೆ ಬಂದಿದ್ದರೆ ಅದರ ಕಾಗದ, ಇಷ್ಟು ಜೊತೆಗಿರಲಿ. ನಂಬರ್ ತಿದ್ದುವ ಅಧಿಕಾರ ಕಾನೂನೇ ಅವರಿಗೆ ಕೊಟ್ಟಿದೆ. ಆದರೆ ಅವರಾಗಿ ಬಂದು ಕೇಳುವುದಿಲ್ಲ. ಮಾನಕ್ಕೆ ಅಂಜಿ ಕೇಳದೇ ಇದ್ದ ಮನೆಗಳೇ ಜಾಸ್ತಿ, ಅದರಲ್ಲೂ ನಮ್ಮವರು. ‘ಕೆಲಸ ಹೋಯ್ತು ಅಂತ ಊರಿಗೆಲ್ಲ ಯಾಕೆ ಹೇಳಬೇಕು’ ಅಂತಾರೆ. ಊರಿಗಲ್ಲ, ಒಂದು ಆಫೀಸಿಗೆ ಹೇಳುವುದು ಅಷ್ಟೇ. ನಿಮ್ಮಪ್ಪನಿಗೆ ಈ ಪ್ಯಾರಾ ಓದಿ ಹೇಳು.

ಆಸ್ತಿ ವಿಚಾರ. ನೀವಿರುವ ಮನೆ ಲೆಕ್ಕಕ್ಕಿಲ್ಲ, ರಿಟೈರ್‌ಮೆಂಟ್ ಅಕೌಂಟೂ ಇಲ್ಲ. ಆದರೆ ಇಂಡಿಯಾದಲ್ಲಿ ಖಾಲಿ ಬಿದ್ದಿರುವ ಸೈಟು ಲೆಕ್ಕಕ್ಕೆ ಬರುತ್ತದೆ. ‘ಅದು ಅಲ್ಲಿದೆ, ಇವರಿಗೇನು’ ಅನ್ನುವ ಹಾಗಿಲ್ಲ. ಸಾಲ ಕಳೆದು ಉಳಿದ ಬೆಲೆಯನ್ನು ಡಾಲರ್‌ನಲ್ಲಿ ತೋರಿಸಬೇಕು. ಆದಾಯ ಕಡಿಮೆ ಇರುವ ಎಷ್ಟೋ ಮನೆಗಳಿಗೆ ಆಸ್ತಿಯ ಪ್ರಶ್ನೆಯೇ ಬರುವುದಿಲ್ಲ, ಬಂದರೆ ಮಾತ್ರ ನಿಜ ಬರೆಯಿರಿ. ಇನ್ನೊಂದು: ತಾತ ನಿನ್ನ ಹೆಸರಿಗೇ ದುಡ್ಡು ಹಾಕುತ್ತೇನೆ ಅಂತ ಕೂತಿದ್ದಾರೆ. ಬೇಡ ಅನ್ನು. ವಿದ್ಯಾರ್ಥಿಯ ಹೆಸರಲ್ಲಿರುವ ದುಡ್ಡಿನ ಶೇ. 20ನ್ನು ಎಸ್‌ಎಐಗೆ ಸೇರಿಸುತ್ತಾರೆ. ಅಪ್ಪ ಅಮ್ಮನ ಹೆಸರಲ್ಲಿದ್ದರೆ ಹೊಡೆತ ಅಷ್ಟು ಬೀಳುವುದಿಲ್ಲ. ತಾತನ ಹತ್ತಿರವೇ ಇದ್ದರೆ ಏನೂ ಇಲ್ಲ.

2026ರ ಜುಲೈ 1ರಿಂದ ಎರಡು ನಿಯಮ ಬಿಗಿಯಾಗಿವೆ. ಎಸ್‌ಎಐ ಪೂರ್ತಿ ಪೆಲ್‌ನ ಎರಡರಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೆಲ್ ಇಲ್ಲ. ಕಾಲೇಜು, ರಾಜ್ಯ, ಖಾಸಗಿ ಸ್ಕಾಲರ್‌ಶಿಪ್ ಎಲ್ಲ ಸೇರಿ ಪೂರ್ತಿ ಖರ್ಚು ತುಂಬಿಬಿಟ್ಟರೂ ಪೆಲ್ ಇಲ್ಲ. ಎರಡನೆಯದು ನಿನಗೆ ತಾಗಿದರೆ ನಾನೇ ಸಿಹಿ ಹಂಚುತ್ತೇನೆ.

ಇನ್ನು ನಿಮ್ಮಮ್ಮನ ‘ಪೂರ್ತಿ ಫ್ರೀ’. 2024–25ರಲ್ಲಿ ಕಮ್ಯೂನಿಟಿ ಕಾಲೇಜಿನ ಸರಾಸರಿ ಟ್ಯೂಷನ್ ಸುಮಾರು 4,050 ಡಾಲರ್. ನಿಮ್ಮದೇ ರಾಜ್ಯದ ನಾಲ್ಕು ವರ್ಷದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸುಮಾರು 11,600. ಅಂದರೆ ಪೂರ್ತಿ ಪೆಲ್ ಸಿಕ್ಕರೆ ಮೊದಲನೆಯದರಲ್ಲಿ ಫೀಸ್ ತೀರಿ ಪುಸ್ತಕಕ್ಕೂ ಉಳಿಯುತ್ತದೆ. ಎರಡನೆಯದರಲ್ಲಿ ಟ್ಯೂಷನ್ನಿಗೇ ಸಾಲದು, ಹಾಸ್ಟೆಲ್ಲು ಊಟ ದೂರದ ಮಾತು. ಎರಡು ವರ್ಷ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ ಆಮೇಲೆ ಯೂನಿವರ್ಸಿಟಿಗೆ ಹೋದರೆ ಯಾರೂ ಕೀಳಾಗಿ ನೋಡುವುದಿಲ್ಲ. ನೋಡಿದರೆ ನೋಡಲಿ, ಫೀಸ್ ಕಟ್ಟುವವರು ಅವರಲ್ಲ.

ಮಾರ್ಚ್, ಏಪ್ರಿಲ್ ಹೊತ್ತಿಗೆ ಕಾಲೇಜುಗಳಿಂದ ಏಡ್ ಆಫರ್ ಬರುತ್ತದೆ. ಅದನ್ನು ಓದುವ ಬಗೆ ಕಲಿ. ಪೆಲ್ 7,395, ಕಾಲೇಜ್ ಗ್ರಾಂಟ್ 2,000, ಸಬ್ಸಿಡೈಸ್ಡ್ ಲೋನ್ 3,500, ಅನ್‌ಸಬ್ಸಿಡೈಸ್ಡ್ ಲೋನ್ 2,000, ವರ್ಕ್ ಸ್ಟಡಿ 2,500, ಒಟ್ಟು 17,395 ಅಂತ ಕೆಳಗೆ ದಪ್ಪಕ್ಷರದಲ್ಲಿ ಹಾಕಿರುತ್ತಾರೆ ಅಂದುಕೋ. ನೋಡಿದವರು ಕಾಲೇಜು ಹದಿನೇಳು ಸಾವಿರ ಕೊಟ್ಟಿತು ಅಂತ ಕುಣಿಯುತ್ತಾರೆ. ಪೆನ್ನು ತಗೊಂಡು ಲೋನ್ ಎರಡನ್ನೂ ಹೊಡೆದುಹಾಕು, ಅದು ಸಾಲ. ವರ್ಕ್ ಸ್ಟಡಿ ಹೊಡೆದುಹಾಕು, ಅದು ನೀನು ಲೈಬ್ರರಿಯಲ್ಲೋ ಲ್ಯಾಬಿನಲ್ಲೋ ಗಂಟೆ ಲೆಕ್ಕದಲ್ಲಿ ದುಡಿದರೆ ಬರುವ ಸಂಬಳ. ಉಳಿದದ್ದು 9,395. ಕಾಲೇಜಿನ ಪೂರ್ತಿ ಖರ್ಚಿನಲ್ಲಿ ಅಷ್ಟನ್ನು ಮಾತ್ರ ಕಳೆ. ನೀವು ಹೊಂದಿಸಬೇಕಾದ ದುಡ್ಡು ಆಗ ಕಣ್ಣಿಗೆ ಬೀಳುತ್ತದೆ.

ಸೇರಿದ ಮೇಲಿನ ಮಾತು ಇನ್ನೂ ಮುಖ್ಯ. ಪೆಲ್ ವಾಪಸ್ ಕೊಡಬೇಕಾದ ದುಡ್ಡಲ್ಲ, ಆದರೆ ಅಳೆದು ಕೊಡುವ ದುಡ್ಡು. ಕೋರ್ಸಿನ ಪ್ರಮಾಣವನ್ನು ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಸೆಮಿಸ್ಟರಿಗೆ 12 ಕ್ರೆಡಿಟ್ ತಗೊಂಡರೆ ಆ ಸೆಮಿಸ್ಟರಿನ ಪಾಲು ಪೂರ್ತಿ. 9 ತಗೊಂಡರೆ ಮುಕ್ಕಾಲು, 6ಕ್ಕೆ ಅರ್ಧ. ಜೀವಮಾನಕ್ಕೆ ಒಟ್ಟು ಮಿತಿ ಶೇ. 600. ಒಂದು ವರ್ಷದ ಪೂರ್ತಿ ಪಾಲು ಪಡೆದರೆ 100 ಖರ್ಚು. ಹಾಗೆ ಆರು ವರ್ಷ, ಅಂದರೆ 12 ಪೂರ್ಣ ಸೆಮಿಸ್ಟರ್. ಬೇಸಿಗೆಯಲ್ಲೂ ಓದಿದರೆ ಆ ವರ್ಷಕ್ಕೆ 150ರವರೆಗೆ ಸಿಗಬಹುದು, ಆದರೆ ಅದನ್ನೂ ಈ 600ರಲ್ಲೇ ಕಳೆಯುತ್ತಾರೆ. ಮೊದಲ ಬ್ಯಾಚುಲರ್ ಡಿಗ್ರಿ ಕೈಗೆ ಬಂತೋ, ಪೆಲ್ ನಿಂತಿತು. ಮಾಸ್ಟರ್ಸ್‌ಗೆ ಇಲ್ಲ. ಆರು ವರ್ಷ ಬೇಕಾದಷ್ಟಾಯಿತು ಅಂತ ನಿನಗೆ ಈಗ ಅನ್ನಿಸುತ್ತದೆ. ಎರಡು ಸಲ ಮೇಜರ್ (ಮುಖ್ಯ ವಿಷಯ) ಬದಲಿಸಿ, ಒಂದು ಸಲ ಕಾಲೇಜು ಬದಲಿಸಿ, ಹಳೇ ಕ್ರೆಡಿಟ್ ಅರ್ಧಕ್ಕರ್ಧ ಟ್ರಾನ್ಸ್‌ಫರ್ ಆಗದೆ, ಡಿಗ್ರಿಗೆ ಎರಡೇ ಸೆಮಿಸ್ಟರ್ ಬಾಕಿ ಇರುವಾಗ ಪೆಲ್ ಮುಗಿದವರನ್ನು ನಾನು ಕಂಡಿದ್ದೇನೆ.

ಅದಕ್ಕಿಂತ ಜಾಸ್ತಿ ಕಂಡಿದ್ದು ನಡುವೆ ಬಿಟ್ಟುಹೋದವರನ್ನು. ಒಂದು ಲೆಕ್ಕ ಹೇಳುತ್ತೇನೆ, ನಿಧಾನವಾಗಿ ನೋಡು. ಒಬ್ಬ ಹುಡುಗನಿಗೆ ಸೆಮಿಸ್ಟರಿಗೆ 3,600 ಪೆಲ್ ಬಂತು. ಕಾಲೇಜು ಫೀಸ್ 2,100 ಹಿಡಿದುಕೊಂಡು ಮಿಕ್ಕ 1,500 ಅವನ ಕೈಗೆ ಕೊಟ್ಟಿತು. 15 ವಾರದ ಸೆಮಿಸ್ಟರಿನಲ್ಲಿ ಐದನೇ ವಾರ ಮುಗಿಯುತ್ತಲೇ ಅವನು ಎಲ್ಲ ಕ್ಲಾಸು ಬಿಟ್ಟ. ಮೂರರಲ್ಲಿ ಒಂದು ಪಾಲು ಓದಿದ್ದು, ಹಾಗಾಗಿ 1,200 ಮಾತ್ರ ಅವನದು. 2,400 ಅವನು ಗಳಿಸದ ದುಡ್ಡು. ಫೀಸಿನ ಮೂರರಲ್ಲಿ ಎರಡು ಪಾಲು, ಅಂದರೆ 1,400, ಕಾಲೇಜು ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಕಟ್ಟಿತು. ಕಟ್ಟಿ, ಆ 1,400ರ ಬಿಲ್ಲನ್ನು ಹುಡುಗನಿಗೆ ಕಳಿಸಿತು. ಉಳಿದ 1,000 ಅವನು ಕೊಡಬೇಕಿರಲಿಲ್ಲ. ವಿದ್ಯಾರ್ಥಿಯ ಪಾಲಿನಲ್ಲಿ, ಬಂದ ಗ್ರಾಂಟಿನ ಅರ್ಧಕ್ಕಿಂತ ಮೇಲಿರುವುದನ್ನಷ್ಟೇ ಕೇಳುತ್ತಾರೆ. ಆದರೂ ಬಾಕಿ ತೀರಿಸುವ ತನಕ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಕಾಲೇಜು ಬಿಡಲಿಲ್ಲ. ಕ್ರೆಡಿಟ್ ಒಂದೂ ಇಲ್ಲ, ತಲೆ ಮೇಲೆ 1,400 ಸಾಲ.

ಸೆಮಿಸ್ಟರಿನ ಶೇ. 60 ದಾಟಿದ ಮೇಲೆ ಬಿಟ್ಟರೆ ಈ ವಾಪಸಾತಿ ಇಲ್ಲ. 15 ವಾರದ್ದಾದರೆ ಸುಮಾರು ಒಂಬತ್ತನೇ ವಾರ. ಹಾಗಂತ ಹತ್ತನೇ ವಾರದಲ್ಲಿ ಸುಮ್ನೆ ಬಿಟ್ಟುಬಿಡಬಹುದು ಅಂತಲ್ಲ. ಯಾರಿಗೂ ಹೇಳದೆ ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿ ಎಲ್ಲದರಲ್ಲೂ ಎಫ್, ಅಂದರೆ ಫೇಲ್, ಬಂದರೆ, ನೀನು ಯಾವಾಗ ಬಿಟ್ಟೆ ಅಂತ ಕಾಲೇಜು ಹಿಂದಕ್ಕೆ ಹೋಗಿ ಹುಡುಕುತ್ತದೆ. ಕಾಯಿಲೆಯೋ ಇನ್ನೇನೋ ಬಂದು ಬಿಡಲೇಬೇಕಾದರೆ ಡ್ರಾಪ್ ಬಟನ್ ಒತ್ತುವ ಮುಂಚೆ ಏಡ್ ಆಫೀಸಿಗೆ ಹೋಗಿ ‘ಇವತ್ತು ಬಿಟ್ಟರೆ ನನ್ನ ಲೆಕ್ಕ ಏನಾಗುತ್ತದೆ’ ಅಂತ ಕೇಳು. ತಲೆನೋವು ಹಿಡಿದ ಗುಮಾಸ್ತನೂ ಆ ಪ್ರಶ್ನೆಗೆ ಉತ್ತರ ಕೊಡುತ್ತಾನೆ.

ಮಾರ್ಕ್ಸ್ ಕಡೆಗೂ ಗಮನ ಇರಲಿ. ಎರಡನೇ ವರ್ಷದ ಕೊನೆಗೆ ಸರಾಸರಿ ಸಿ ಗ್ರೇಡ್ ಇರಬೇಕು. ತಗೊಂಡ ಕ್ರೆಡಿಟ್‌ಗಳಲ್ಲಿ ಮೂರರಲ್ಲಿ ಎರಡರಷ್ಟಾದರೂ ಪಾಸಾಗಬೇಕು ಅಂತ ಸಾಮಾನ್ಯವಾಗಿ ಕಾಲೇಜುಗಳು ಕೇಳುತ್ತವೆ. ತಪ್ಪಿದರೆ ಏಡ್ ನಿಲ್ಲಿಸುತ್ತಾರೆ. ಕಾರಣ ಕೊಟ್ಟು ಅಪೀಲ್ ಮಾಡಲು ಬರುತ್ತದೆ, ಆದರೆ ಪ್ರತಿ ಸಲ ಒಪ್ಪುವುದಿಲ್ಲ. ಎರಡು ಕಾಲೇಜಿನಲ್ಲಿ ಒಟ್ಟಿಗೆ ಪೆಲ್ ತಗೊಳ್ಳುವಂತಿಲ್ಲ. ಮತ್ತೆ, ಫೀಸ್ ಕಳೆದು ಕೈಗೆ ಬಂದ ದುಡ್ಡು ಬಾಡಿಗೆಗೆ, ಊಟಕ್ಕೆ ಹೋದರೆ ಅದು ಟ್ಯಾಕ್ಸ್ ಲೆಕ್ಕದಲ್ಲಿ ಆದಾಯವಾಗುತ್ತದೆ. ಫೀಸಿಗೆ, ಕಡ್ಡಾಯ ಪುಸ್ತಕಕ್ಕೆ ಹೋದದ್ದಕ್ಕೆ ಟ್ಯಾಕ್ಸ್ ಇಲ್ಲ. ರಸೀದಿಗಳನ್ನು ಒಂದು ಕವರಿನಲ್ಲಿ ಹಾಕಿಡು.

ಒಂದು ಸಲ ಅರ್ಜಿ ಹಾಕಿದರೆ ನಾಲ್ಕು ವರ್ಷಕ್ಕೂ ಆಯಿತು ಅಂತ ಅಂದುಕೊಳ್ಳಬೇಡ. ಫಾಫ್ಸಾ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಅಪ್ಪನ ಸಂಬಳ ಏರಿದರೆ ನಿನ್ನ ಪೆಲ್ ಇಳಿಯುತ್ತದೆ.

ಈ ವಾರ ಅಪ್ಪ, ಅಮ್ಮ, ನೀನು ಮೂರೂ ಜನ ಕೂತು ಆ ಸೈಟಿನಲ್ಲಿ ನಿಮ್ಮ ಅಕೌಂಟ್‌ಗಳನ್ನು ಮಾಡಿಕೊಳ್ಳಿ. ಒಬ್ಬರದ್ದು ಇನ್ನೊಬ್ಬರು ಮಾಡಬಾರದು, ಪಾಸ್‌ವರ್ಡ್ ಎಲ್ಲರದ್ದೂ ಬೇರೆ. ಅಪ್ಪನಿಗೆ ಆ ಕೆಲಸದಿಂದ ತೆಗೆದ ಪತ್ರ ಹುಡುಕಿಡಲು ಹೇಳು. ಕೋಪದಲ್ಲಿ ಹರಿದು ಎಸೆದಿದ್ದರೆ ಹಳೇ ಕಂಪನಿಯ ಎಚ್‌ಆರ್‌ಗೆ ಇಮೇಲ್ ಮಾಡಿ ಇನ್ನೊಂದು ಪ್ರತಿ ತರಿಸಿಕೊಳ್ಳಲಿ. ಆಫರ್‌ಗಳು ಬಂದಾಗ ಯಾವುದಕ್ಕೂ ಒಪ್ಪಿಗೆ ಕೊಡುವ ಮುಂಚೆ ಎಲ್ಲವನ್ನೂ ನನಗೆ ಕಳಿಸು. ರಾತ್ರಿ ಹತ್ತಾದರೂ ಪರವಾಗಿಲ್ಲ, ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ