ಹಳೆಯ ಧ್ವನಿಸುರುಳಿಗಳ ರಕ್ಷಣೆಗೆ ದೇಣಿಗೆ ಮನವಿ: ಗುಲ್ಶನ್ ಕುಮಾರ್ ನೆನಪಿನಲ್ಲಿ

ಸಹೃದಯ ಬಂಧುಗಳೇ,

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೆ ಮೂರೇ ದಿನ ಮೊದಲು ಮುಂಬೈಯ ಅಂಧೇರಿಯಲ್ಲಿ, ಶಿವನ ಗುಡಿಯಲ್ಲಿ ಪೂಜೆ ಮುಗಿಸಿ ಹೊರಬಂದ ಟಿ-ಸೀರೀಸ್ ಕ್ಯಾಸೆಟ್ ಕಂಪನಿಯ ಒಡೆಯ ಗುಲ್ಶನ್ ಕುಮಾರ್ ಅವರನ್ನು ಗುಂಡಿಕ್ಕಿ ಕೊಂದರು. ಊರಿನ ಸಡಗರದ ನಡುವೆ ನಮ್ಮ ವಾರಿಗೆಯವರಿಗೆ ಅದು ಸೂತಕದ ಸುದ್ದಿ.

ದೆಹಲಿಯ ದರಿಯಾಗಂಜ್‌ನಲ್ಲಿ ತಂದೆಯೊಂದಿಗೆ ಹಣ್ಣಿನ ರಸ ಮಾರುತ್ತಿದ್ದವರು ಅವರು. 1983ರಲ್ಲಿ ಸೂಪರ್ ಕ್ಯಾಸೆಟ್ಸ್ ಸಂಸ್ಥೆ ಕಟ್ಟಿ, ಟಿ-ಸೀರೀಸ್ ಹೆಸರಿನಲ್ಲಿ ಕ್ಯಾಸೆಟ್ಟನ್ನು ಕೂಲಿಯವರ ಕೈಗೆಟುಕುವ ಬೆಲೆಗೆ ತಂದರು. ಹಳೆಯ ಹಾಡುಗಳನ್ನು ಹೊಸಬರಿಂದ ಹಾಡಿಸಿದ್ದಕ್ಕೆ ಅವರನ್ನು ದೂರಿದವರುಂಟು. ಆ ದೂರಿನಲ್ಲಿ ಹುರುಳೇ ಇರಲಿಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಗ್ರಾಮಫೋನ್ ಕಾಣದ ಮನೆಗಳಿಗೆ ಸಂಗೀತ ಬಂದದ್ದು ಆ ಅಗ್ಗದ ಕ್ಯಾಸೆಟ್ಟಿನಿಂದ. ಕಾದ ಮರಳಿನಲ್ಲಿ ಮಂಡಕ್ಕಿ ಅರಳುವ ಸದ್ದನ್ನು ಮೀರಿಸಿ ಇಲ್ಲಿನ ಭಟ್ಟಿಗಳಲ್ಲಿ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ನಮಗೆ ಹಾಡಿನ ಹುಚ್ಚು ಹಿಡಿದದ್ದು ಅಲ್ಲಿಯೇ.

ಖಾಲಿ ಕ್ಯಾಸೆಟ್ಟುಗಳೂ ಅಗ್ಗವಾದವು. ಜನ ತಮ್ಮವರನ್ನೇ ಹಾಡಿಸಿ ಧ್ವನಿಮುದ್ರಿಸಿಕೊಂಡರು: ಅಜ್ಜಿಯರ ಸೋಬಾನೆ, ಬೀಸುವ ಪದ, ಶ್ರಾವಣದ ಭಜನೆ, ತತ್ವಪದ. ಸಿನಿಮಾ ಹಾಡುಗಳನ್ನು ಕಂಪನಿಗಳು ಕಾಪಾಡಿಕೊಳ್ಳುತ್ತವೆ. ಈ ಹಾಡುಗಳಿಗೆ ಇರುವುದು ಒಂದೊಂದೇ ಪ್ರತಿ.

ಅಂಥ ಕ್ಯಾಸೆಟ್ಟುಗಳನ್ನು ನಮ್ಮ ಟ್ರಸ್ಟ್ ಸಂಗ್ರಹಿಸುತ್ತಿದೆ. ಹಲವುಗಳ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಟೇಪಿನಿಂದ ದನಿ ಎತ್ತಿಕೊಳ್ಳುವ ಹೆಡ್ಡಿಗೆ ಟೇಪನ್ನು ಒತ್ತುವ ಪುಟ್ಟ ಉಣ್ಣೆಯ ತುಂಡು ಅಂಟು ಬಿಟ್ಟು ಉದುರಿದೆ. ಕಂದು ಲೇಪ ಕಳಚಿ ಹೆಡ್ಡಿಗೆ ಮೆತ್ತಿಕೊಂಡರೆ ದನಿ ಮಂಕಾಗುತ್ತದೆ. ಆಗ ನಿಲ್ಲಿಸಿ, ಹೆಡ್ಡನ್ನು ಒರೆಸಿ, ಮತ್ತೆ ಶುರು ಮಾಡಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಪೂರಾ ಅರವತ್ತು ನಿಮಿಷ ಬೇಕು. ಇದರಲ್ಲಿ ಅವಸರ ನಡೆಯದು.

ಕ್ಯಾಸೆಟ್ ನುಡಿಸುವ ಒಳ್ಳೆಯ ಡೆಕ್‌ಗಳ ದುರಸ್ತಿ, ಹಾರ್ಡ್ ಡಿಸ್ಕ್, ಕೆಲಸ ಕಲಿತ ಇಬ್ಬರು ಯುವಕರ ಸಂಬಳ, ಜೊತೆಗೆ ಯಾರು ಬೇಕಾದರೂ ಬಂದು ಉಚಿತವಾಗಿ ಕೇಳಬಹುದಾದ ಒಂದು ಕೋಣೆ: ಇಷ್ಟಕ್ಕೆ ನಿಮ್ಮ ನೆರವು ಬೇಡುತ್ತಿದ್ದೇವೆ. ಆ ಕೋಣೆಗೆ ಗುಲ್ಶನ್ ಕುಮಾರ್ ಅವರ ಹೆಸರಿಡುತ್ತೇವೆ. ವೈಷ್ಣೋದೇವಿಯಲ್ಲಿ ಯಾತ್ರಿಕರಿಗೆ ಉಚಿತ ಊಟದ ಭಂಡಾರ ತೆರೆದವರ ಹೆಸರಿನಲ್ಲಿ ಟಿಕೆಟ್ ಇಡುವುದು ನಮಗೆ ಒಪ್ಪದ ಮಾತು.

100 ರೂಪಾಯಿಯಾದರೂ ಸರಿ, ತಲೆಬಾಗಿ ಸ್ವೀಕರಿಸುತ್ತೇವೆ. ದೇಣಿಗೆಯನ್ನು ಟ್ರಸ್ಟಿನ ಕಚೇರಿಯಲ್ಲಿ ನಗದು ಅಥವಾ ಚೆಕ್ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಸೂಚನಾ ಫಲಕದಲ್ಲಿ ಹಾಕುತ್ತೇವೆ. ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆಯಿಲ್ಲದೆ ಯಾವ ಹಾಡಿನ ಪ್ರತಿಯನ್ನೂ ಹೊರಗೆ ಕೊಡುವುದಿಲ್ಲ.

ನಿಮ್ಮ ಅಟ್ಟದ ಮೇಲೂ ಇಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಬಿಸಿಲಿಗೆ ಇಡಬೇಡಿ, ಹಾಕಿ ನೋಡಲೂ ಹೋಗಬೇಡಿ. ಇದ್ದ ಹಾಗೆಯೇ ತಂದುಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಧರ್ಮದರ್ಶಿಗಳು, ದಾವಣಗೆರೆ