ಮಗ ಬರದಿದ್ದರೆ ನೀನೇ ಬಾ

ಪ್ರೀತಿಯ ದೋಸ್ತ,

ಮೊನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೇಳಬೇಕಾದ್ದು ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಮಂದಿ ಓದುವ ಹಾಗೆ ಹಾಕಲೇ ಅಂತ ಕೇಳಿದಾಗ ನೀನು 'ಹೆಸರು ಬಿಟ್ಟು ಏನಾದ್ರೂ ಬರಿ' ಅಂದೆ. ಬಿಟ್ಟಿದ್ದೇನೆ.

ಕೋಣೆ ಬಿಟ್ಟು ಹೊರಗೆ ಬರದ ಮಗನ ಬಗ್ಗೆ ನೀನು ಕೇಳಿದ್ದು ಇಷ್ಟೇ: 'ಹುಡುಗನ್ನ ಒಂದು ವಾರ ಕಲಬುರಗಿಗೆ ಕಳಿಸ್ತೀನಿ, ಸರಿ ಮಾಡಿ ಕಳಿಸು.' ಆಮೇಲೆ ನೀನೇ ದನಿ ಇಳಿಸಿ 'ಆದ್ರ ಅಂವ ಬರಂಗಿಲ್ಲ ಅಂತಾನ' ಅಂದೆ. ನಾನು ಸುಮ್ಮನಾದೆ. ನೀನು ಅದನ್ನು 'ಇಲ್ಲ' ಅಂತ ತಿಳಿದುಕೊಂಡೆ. ಅದು 'ಇಲ್ಲ' ಆಗಿರಲಿಲ್ಲ. ನನಗೆ ಆ ಹೊತ್ತಿಗೆ ಒಬ್ಬ ತಾಯಿಯ ನೆನಪು ಬಂದಿತ್ತು.

ಚಿಂಚೋಳಿ ಕಡೆಯ ಹಳ್ಳಿಯವರು. ಮನಸ್ಸಿನ ಕಷ್ಟ ಕೇಳಲು ನಾನು ಈ ಕೋಣೆ ಮಾಡಿದ ಹೊಸದರಲ್ಲಿ ಬಂದಿದ್ದರು. ಎರಡು ಬಸ್ ಬದಲಿಸಿ, ಕೈಯಲ್ಲಿ ರೊಟ್ಟಿ ಗಂಟು ಹಿಡಿದು. ಗಂಡ ಪುಣೆಯಲ್ಲಿ ಗಾರೆ ಕೆಲಸ. ಹದಿನೈದರ ಮಗ ಶಾಲೆ ಬಿಟ್ಟು ಗುಟ್ಕಾ, ಬಾಟಲಿ ಹಿಡಿದಿದ್ದ. ನಾನು ಆಗ ತಾನೇ ಕುಟುಂಬ ಚಿಕಿತ್ಸೆ ಓದಿಕೊಂಡ ಜಂಬದಲ್ಲಿದ್ದೆ. 'ಮನೆಯವರೆಲ್ಲ ಬರಬೇಕು ತಾಯಿ. ಯಜಮಾನ್ರನ್ನ, ಮಗನ್ನ ಕರಕೊಂಡು ಬರ್ರಿ' ಅಂದೆ. ಅವರು ಹೂಂ ಅಂದರು. ಎದ್ದು ಹೋದರು. ಮತ್ತೆ ಬರಲಿಲ್ಲ. ತಪ್ಪು ನನ್ನದೇ. ಮನೆಯವರನ್ನೆಲ್ಲ ಒಂದು ಕಡೆ ಕೂರಿಸುವ ಶಕ್ತಿ ಆ ತಾಯಿಗಿದ್ದರೆ ನನ್ನ ಹತ್ತಿರ ಯಾಕೆ ಬರುತ್ತಿದ್ದರು, ಅಲ್ವಾ?

ಇದನ್ನೇ ಕೇಳಿಕೊಂಡ ಮನುಷ್ಯನೊಬ್ಬನಿದ್ದಾನೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಹೋಸೆ ಸಪೋಚ್ನಿಕ್. ಹೆಸರು ನಾಲಿಗೆಗೆ ಹತ್ತಲು ನನಗೇ ಒಂದು ವಾರ ಹಿಡಿಯಿತು. ಕ್ಯೂಬಾ ಮೂಲದವರು, ಮಯಾಮಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ. 1959ರ ಕ್ರಾಂತಿಯ ನಂತರ ಕ್ಯೂಬಾದಿಂದ ಲಕ್ಷಗಟ್ಟಲೆ ಮಂದಿ ಮಯಾಮಿಗೆ ಬಂದು ನೆಲೆಸಿದರು. ಮಕ್ಕಳು ಬೇಗ ಇಂಗ್ಲಿಷ್ ಕಲಿತರು, ಅಲ್ಲಿಯ ಉಡುಪು, ಅಲ್ಲಿಯ ಮಾತು, ಅಲ್ಲಿಯ ಎದುರುತ್ತರ ಎಲ್ಲ ಕಲಿತರು. ಅಪ್ಪ ಅಮ್ಮ ಮನಸ್ಸಿನಲ್ಲಿ ಇನ್ನೂ ಹವಾನಾದಲ್ಲೇ ಇದ್ದರು. ಮನೆ ಮನೆಯಲ್ಲೂ ಜಗಳ. ಹುಡುಗರು ಡ್ರಗ್ಸ್ ಹಿಡಿದರು. 1970ರ ದಶಕದಲ್ಲಿ ಸಪೋಚ್ನಿಕ್ ಮತ್ತು ಜೊತೆಗಾರರು ಈ ಮನೆಗಳ ನಡುವೆ ಕೆಲಸ ಶುರು ಮಾಡಿದರು. ಆಮೇಲೆ ನಾಲ್ಕು ದಶಕಕ್ಕೂ ಜಾಸ್ತಿ ಅದನ್ನೇ ಹಿಡಿದುಕೊಂಡು ಕೂತರು.

ನೀನು ಭಾಲ್ಕಿ ಹತ್ತಿರದ ಹೊಲದಿಂದ ಬೀದರ್ ಪೇಟೆಗೆ ಬಂದವನು. ನಿನ್ನ ಮಗ ಯುಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನೀನು 'ತೊಗರಿ ರಾಶಿಗೆ ಬಾ' ಅಂದರೆ ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾನೆ. ದೇಶ ಬಿಡದೆಯೂ ನಿಮ್ಮಿಬ್ಬರ ಊರು ಬೇರೆ ಬೇರೆ ಆಗಿವೆ ದೋಸ್ತ.

ಈಗ ನಿನ್ನ ಮೊದಲ ಮಾತಿಗೆ ಬರುತ್ತೇನೆ, ಹುಡುಗನನ್ನು ಸರಿ ಮಾಡಿ ಕಳಿಸುವ ಮಾತು. 1989ರಲ್ಲಿ ಸಪೋಚ್ನಿಕ್ ತಂಡ ಒಂದು ಅಧ್ಯಯನ ಪ್ರಕಟಿಸಿತು. 6ರಿಂದ 12 ವರ್ಷದ 69 ಹುಡುಗರು, ಎಲ್ಲರೂ ಒಂದಲ್ಲ ಒಂದು ತಕರಾರಿನವರು. ಕೆಲವರಿಗೆ ಮನೆಯವರನ್ನೆಲ್ಲ ಕೂರಿಸಿ ಚಿಕಿತ್ಸೆ. ಕೆಲವರಿಗೆ ಹುಡುಗನೊಬ್ಬನನ್ನೇ ಕರೆದು ಮಾತುಕತೆಯ ಚಿಕಿತ್ಸೆ. ಉಳಿದವರಿಗೆ ಬರೀ ಆಟ, ಚಟುವಟಿಕೆ. ಎರಡೂ ಚಿಕಿತ್ಸೆಯಿಂದ ಹುಡುಗರು ಸುಧಾರಿಸಿದರು, ಹೆಚ್ಚು ಕಡಿಮೆ ಒಂದೇ ಸಮ. ಇಲ್ಲಿಗೇ ನಿಲ್ಲಿಸಿದ್ದರೆ ನಿನ್ನ ಮಾತೇ ಗೆಲ್ಲುತ್ತಿತ್ತು. ಆದರೆ ಅವರು ಒಂದು ವರ್ಷ ಬಿಟ್ಟು ಮತ್ತೆ ಹೋಗಿ ಮನೆಗಳನ್ನು ನೋಡಿದರು. ಮನೆಯವರೆಲ್ಲ ಕೂತಿದ್ದ ಕಡೆ ಮನೆ ಇನ್ನೂ ಹದಕ್ಕೆ ಬಂದಿತ್ತು. ಹುಡುಗನೊಬ್ಬನನ್ನೇ ಕರೆದಿದ್ದ ಕಡೆ ಹುಡುಗ ಸರಿಯಿದ್ದ, ಮನೆ ಕೆಟ್ಟಿತ್ತು.

ನಾನು ಇದನ್ನು ಓದಿದ ದಿನ ಕೂಲರ್ ಬಂದ್ ಮಾಡಿ ಹೊರಗೆ ಬಂದು ನಿಂತೆ. ಮೇ ತಿಂಗಳ ಕಲಬುರಗಿ ಬಿಸಿಲು ನಿನಗೆ ಗೊತ್ತೇ ಇದೆ. ಅದೂ ತಿಳಿಯಲಿಲ್ಲ.

ಸರಿ, ಮನೆಯವರೆಲ್ಲ ಬಂದರೆ ಒಳ್ಳೇದು. ಬರದಿದ್ದರೆ? ನನಗೆ ಅವರ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಇದೇ ಭಾಗ. ಬೇರೆಯವರು 'ಆ ಮನೆಯವರಿಗೆ ಆಸಕ್ತಿ ಇಲ್ಲ' ಅಂತ ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳುವ ಕಡೆ ಇವರು ಲೆಕ್ಕ ಶುರು ಮಾಡಿದರು. ಯಾರು ಬರುವುದಿಲ್ಲ, ಯಾಕೆ ಬರುವುದಿಲ್ಲ? ಕೆಲವು ಮನೆಗಳಲ್ಲಿ ಹುಡುಗನದೇ ದರ್ಬಾರು, ಅವನು ಒಲ್ಲೆ ಅಂದರೆ ಮುಗಿಯಿತು. ಕೆಲವು ಕಡೆ ತಾಯಿ ಬಾಯಲ್ಲಿ 'ಸಹಾಯ ಮಾಡ್ರಿ' ಅಂತಾಳೆ, ಕೈಯಲ್ಲಿ ಬಾಗಿಲು ಹಿಡಿದಿರುತ್ತಾಳೆ. ಕೆಲವು ಕಡೆ ಅಪ್ಪ ಲೆಕ್ಕಕ್ಕೇ ಇಲ್ಲ. ಇನ್ನು ಕೆಲವರಿಗೆ ಮನೆಯ ಗುಟ್ಟು ಹೊರಗೆ ಬಿದ್ದೀತು ಅನ್ನುವ ಹೆದರಿಕೆ. ಈ ಕೊನೆಯದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನನ್ನ ಕೋಣೆಗೆ ಬರುವವರು ಚಪ್ಪಲಿ ಹೊರಗೆ ಬಿಡುವುದಿಲ್ಲ, ಗುರುತು ಸಿಕ್ಕೀತು ಅಂತ ಒಳಗೆ ತರುತ್ತಾರೆ.

ಅವರು ಮಾಡಿದ ಉಪಾಯ ಸಣ್ಣದು. ಫೋನ್ ಮಾಡಿದವರು ಯಾರೋ ಅವರಿಂದಲೇ ಚಿಕಿತ್ಸೆ ಶುರು. ಬರುವುದಿಲ್ಲ ಅಂದವರಿಗೆ ತಾವೇ ಫೋನ್ ಮಾಡುವುದು, ಬೇಕಾದರೆ ಮನೆಗೇ ಹೋಗುವುದು. 108 ಕುಟುಂಬಗಳಲ್ಲಿ ಪರೀಕ್ಷೆ ಮಾಡಿ 1988ರಲ್ಲಿ ಬರೆದರು. ಮಾಮೂಲು ರೀತಿಯಲ್ಲಿ ಕರೆದಾಗ ಬಂದದ್ದು ನೂರಕ್ಕೆ 42 ಮನೆ. ಹೀಗೆ ಬೆನ್ನು ಹತ್ತಿದಾಗ 93. ಕೊನೆಯವರೆಗೆ ಉಳಿದವರು ಅಲ್ಲಿ ನೂರಕ್ಕೆ 25, ಇಲ್ಲಿ 77. ಆ ಚಿಂಚೋಳಿಯ ತಾಯಿ ಯಾವ ಲೆಕ್ಕಕ್ಕೆ ಸೇರಿದರು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮೊದಲೇ, 1983ರಲ್ಲಿ, ಅವರು ಇನ್ನೊಂದು ವಿಚಿತ್ರ ಕೆಲಸ ಮಾಡಿದ್ದರು. ಮನೆಯವರಲ್ಲಿ ಒಬ್ಬರನ್ನು ಮಾತ್ರ ಕೂರಿಸಿಕೊಂಡು ಇಡೀ ಮನೆಯನ್ನು ಬದಲಿಸಲು ಆಗುತ್ತದಾ ಅಂತ ನೋಡಿದರು. ಕೂತದ್ದು ಹೆಚ್ಚಾಗಿ ಆ ಹುಡುಗ ಹುಡುಗಿಯರೇ. ಫಲ ಎಲ್ಲರನ್ನೂ ಕೂರಿಸಿದ್ದಕ್ಕೆ ಕಡಿಮೆಯಾಗಲಿಲ್ಲ. ಗಮನಿಸು, ಇಲ್ಲಿ ಬರುವವರು ಒಬ್ಬರೇ, ಆದರೆ ಮಾತೆಲ್ಲ ಮನೆಯಲ್ಲಿ ಯಾರು ಯಾರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಮೇಲೆ. ಕೋಲಾಟದಲ್ಲಿ ಒಬ್ಬ ತನ್ನ ಹೆಜ್ಜೆ ಬದಲಿಸಿದರೆ ಪಕ್ಕದವನ ಕೋಲು ಗಾಳಿಗೆ ಹೊಡೆಯುತ್ತದೆ. ಅವನೂ ಏನಾದರೂ ಮಾಡಲೇಬೇಕು.

ಎಲ್ಲ ಗೆದ್ದರು ಅಂತ ಹೇಳಿದರೆ ಸುಳ್ಳಾಗುತ್ತದೆ. 2011ರಲ್ಲಿ 8 ಕೇಂದ್ರಗಳಲ್ಲಿ 480 ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲ ಬಂತು. ಮನೆಯವರನ್ನು ಕರೆತಂದು ಉಳಿಸಿಕೊಳ್ಳುವುದರಲ್ಲಿ ಈ ದಾರಿಯೇ ಮೇಲು. ಆದರೆ ಮಕ್ಕಳ ಡ್ರಗ್ಸ್ ಬಳಕೆಯಲ್ಲಿ ಹೇಳಿಕೊಳ್ಳುವಂಥ ದೊಡ್ಡ ಅಂತರ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದರು. ಅದೇ ಪ್ರಯೋಗದ ಅಂಕಿಗಳನ್ನು ಮತ್ತೆ ನೋಡಿದಾಗ ಒಂದು ತಮಾಷೆ ಸಿಕ್ಕಿತು. ಕುಡಿತ ಕಡಿಮೆಯಾದದ್ದು ಅಪ್ಪ ಅಮ್ಮಂದಿರದು!

'ಇದೆಲ್ಲ ಅಮೆರಿಕದವರಿಗೆ' ಅಂತ ನೀನು ಅನ್ನುತ್ತೀಯ. 1950ರ ದಶಕದಲ್ಲೇ ನಮ್ಮ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಳ್ಳುತ್ತಿದ್ದರು. ರೋಗಿಯ ಆರೈಕೆಯಲ್ಲಿ ಅವರಿಗೂ ಪಾಲು.

ನಿನ್ನ ಮನೆ ವಿಷಯ. ಬೇಜಾರು ಮಾಡಿಕೊಳ್ಳಬೇಡ. ಮೊನ್ನೆ ಅರ್ಧ ಗಂಟೆ ಮಾತಾಡಿದೆಯಲ್ಲ, ಅದರಲ್ಲಿ ಎಷ್ಟು ಸಲ 'ಅವನಿಗೆ ಹೇಳು ಅಂತ ಇವಳಿಗೆ ಹೇಳಿದೆ' ಅಂದೆ ಗೊತ್ತಾ? ನೀಟ್ ಎರಡನೇ ಸಲವೂ ಹೋದ ದಿನದಿಂದ ನೀನು ಮಗನಿಗೆ ನೇರವಾಗಿ ಒಂದು ಮಾತೂ ಆಡಿಲ್ಲ. ಎಲ್ಲ ವೈನಿ ಮೂಲಕ. ವೈನಿ ನಿನ್ನ ಬೈಗುಳವನ್ನು ಅರ್ಧ ಮಾಡಿ ಅವನಿಗೆ ತಲುಪಿಸುತ್ತಾರೆ, ಅವನ ಸಿಟ್ಟನ್ನು ಅರ್ಧ ಮಾಡಿ ನಿನಗೆ. ರಾತ್ರಿ ನೀನು ಮಲಗಿದ ಮೇಲೆ ನಿಮ್ಮವ್ವ ಅವನ ಕೋಣೆಗೆ ತಾಟು ಕೊಂಡೊಯ್ಯುತ್ತಾರೆ. ಅವನು ಯಾಕೆ ಹೊರಗೆ ಬರಬೇಕು ಹೇಳು? ಯಾರೂ ಕೆಟ್ಟವರಲ್ಲ ಇಲ್ಲಿ. ಎಲ್ಲರೂ ಜಗಳ ತಪ್ಪಿಸುತ್ತಿದ್ದೀರಿ, ಅಷ್ಟೇ.

ಶನಿವಾರ ರೈಲಿಗೆ ಬಾ. ನನ್ನ ಕೋಣೆಯಲ್ಲಿ ಮಧ್ಯಾಹ್ನ ಯಾರೂ ಇರುವುದಿಲ್ಲ. ಮಾತು ಮುಗಿದ ಮೇಲೆ ಸುಸಲಾ, ಮಿರ್ಚಿ ತಿಂದು ಸಂಜೆ ಅಪ್ಪನ ಗುಡಿ ಕಡೆ ಹೋಗೋಣ. ಹುಡುಗನನ್ನು ಎಳೆದು ತರಬೇಡ, ನನ್ನ ಹೆಸರು ಹೇಳಿ ಹೆದರಿಸಲೂ ಬೇಡ.

ಆದರೆ ಹೊರಡುವ ಮುಂಚೆ ಒಂದು ಕೆಲಸ. ಅವನ ಬಾಗಿಲು ಬಡಿದು ನೀನೇ ಹೇಳಬೇಕು, ವೈನಿ ಕಡೆಯಿಂದ ಅಲ್ಲ: 'ಕಲಬುರಗಿಗೆ ಹೊಂಟೀನಿ. ನನ್ನ ಸಲುವಾಗಿ.' ಅವನು ಏನಂದ ಅನ್ನುವುದನ್ನು ನನಗೆ ಶನಿವಾರ ಹೇಳು. ಸುಮ್ನೆ ಇದ್ದರೆ ಸುಮ್ನೆ ಇದ್ದ ಅಂತಲೇ ಹೇಳು.

ನಿನ್ನ
ದೋಸ್ತ
ಕಲಬುರಗಿ